ಕರಿ ಇಶಾಡ ಮರಗಳ ಲೆಕ್ಕಕ್ಕೆ ಕೋಬೋ ಟೂಲ್‌ಬಾಕ್ಸ್: ಬಳಸಿ ನೋಡಬಹುದಾ?

ಅಂಕೋಲಾದ ಕರಿ ಇಶಾಡ ಮಾವಿಗೆ 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಸಿಪ್ಪೆ ತೆಳು, ಹಣ್ಣಾದರೆ ಹೆಚ್ಚು ದಿನ ತಾಳುವುದಿಲ್ಲ. ಹುಬ್ಬಳ್ಳಿಗೋ ಬೆಂಗಳೂರಿಗೋ ಪೆಟ್ಟಿಗೆ ಕಳಿಸುವ ಬೆಳೆಗಾರರ ಗುಂಪಿಗೆ ಯಾರ ಹಿತ್ತಲಲ್ಲಿ ಎಷ್ಟು ಮರ, ಯಾವ ವಾರ ಕೊಯ್ಲು ಎಂಬ ಲೆಕ್ಕ ಮೊದಲೇ ಕೈಯಲ್ಲಿರಬೇಕು. ಊರೂರಿಗೆ ಸಂಬಳದ ಜನ ಇಡಲು ಸಣ್ಣ ಸಂಸ್ಥೆಗೆ ಆಗದು. ಊರ ಹುಡುಗರು ಮರ ದಾಖಲಿಸುವುದು, ಪರಊರಲ್ಲಿರುವ ಸ್ವಯಂಸೇವಕರು ಕೂತಲ್ಲೇ ಪರಿಶೀಲಿಸುವುದು: ಈ ಕ್ರಮಕ್ಕೆ ಮೊಬೈಲಿನಲ್ಲಿ ಫಾರ್ಮ್ ತುಂಬಿ ಮಾಹಿತಿ ಕಲೆಹಾಕುವ ಕೋಬೋ ಟೂಲ್‌ಬಾಕ್ಸ್ ಚೆನ್ನಾಗಿ ಒಗ್ಗುತ್ತದೆ.

ಇದರ ದೊಡ್ಡ ಗುಣವೆಂದರೆ ನೆಟ್‌ವರ್ಕ್ ಇಲ್ಲದಲ್ಲೂ ನಡೆಯುತ್ತದೆ. ಫಾರ್ಮನ್ನು ಮನೆಯಲ್ಲೇ ಇಳಿಸಿಕೊಂಡರೆ ಸಾಕು, ಗುಡ್ಡದ ಊರಲ್ಲಿ ತುಂಬಿದ್ದು ಮೊಬೈಲಿನಲ್ಲೇ ಉಳಿದು, ಸಿಗ್ನಲ್ ಬಂದಾಗ ಹೋಗುತ್ತದೆ. ಪ್ರಶ್ನೆಗಳನ್ನು ಪೂರ್ತಿ ಕನ್ನಡದಲ್ಲೇ ಬರೆಯಬಹುದು.

ಫಾರ್ಮ್ ಚಿಕ್ಕದಿರಲಿ. ಮಾಲೀಕರ ಒಪ್ಪಿಗೆ, ಊರು, ಕರಿ ಇಶಾಡವೋ ಬಿಳಿ ಇಶಾಡವೋ, ಎದೆಮಟ್ಟದಲ್ಲಿ ಕಾಂಡದ ಸುತ್ತಳತೆ, ಕೊಯ್ಲಿನ ವಾರ, ಜಿಪಿಎಸ್, ಎರಡು ಫೋಟೋ. ಊರಿನ ಹೆಸರನ್ನು ಟೈಪ್ ಮಾಡಲು ಬಿಡಲೇಬೇಡಿ, ಪಟ್ಟಿಯಿಂದ ಆರಿಸುವಂತೆ ಇಡಿ. ಇಲ್ಲವಾದರೆ ಅವರ್ಸಾ, ಅವರ್ಸೆ, ಔರ್ಸಾ ಎಂದು ಒಂದೇ ಊರು ಮೂರಾಗುತ್ತದೆ.

ಜಿಪಿಎಸ್‌ನಲ್ಲೇ ಹೆಚ್ಚು ಎಡವುವುದು. ದಟ್ಟ ಮಾವಿನ ನೆರಳಲ್ಲಿ ಉಪಗ್ರಹದ ಸಂಕೇತ ಸರಿಯಾಗಿ ಸಿಗುವುದಿಲ್ಲ. ಕೋಬೋದ ಮೊಬೈಲ್ ಆ್ಯಪ್ ಕೋಬೋಕಲೆಕ್ಟ್ ಎಷ್ಟು ಮೀಟರ್ ತಪ್ಪಿರಬಹುದು ಎಂದು ತೋರಿಸುತ್ತದೆ, 5 ಮೀಟರಿಗೆ ಇಳಿಯುವ ತನಕ ಕಾಯಬೇಕು. ಇಳಿಯದಿದ್ದರೆ ಕೊಂಬೆಗಳ ಅಂಚಿಗೆ ಬಂದು ನಿಲ್ಲಿ. 30 ಮೀಟರ್ ತಪ್ಪಿದರೆ ಮರ ಪಕ್ಕದವರ ತೋಟಕ್ಕೆ ಸೇರಿಹೋಗುತ್ತದೆ, ಆಮೇಲೆ ಜಗಳ ಬಿಡಿಸುವುದು ಕಷ್ಟ.

ಫೋಟೋದ ಅಳತೆಗೆ 1024 ಪಿಕ್ಸೆಲ್ ಮಿತಿ ಹಾಕಿ. ಇದನ್ನು ಮರೆತರೆ ದೊಡ್ಡ ಕಡತಗಳು ಹಳ್ಳಿಯ ನೆಟ್‌ವರ್ಕಿನಲ್ಲಿ ಸಿಕ್ಕಿಬೀಳುತ್ತವೆ. ಉಚಿತ ಯೋಜನೆಯಲ್ಲಿ ಜಾಗಕ್ಕೂ ಸಲ್ಲಿಕೆಗೂ ಮಿತಿ ಇರುವುದರಿಂದ ಜಾಗವೂ ಬೇಗ ತುಂಬುತ್ತದೆ. ಹತ್ತು ಮರಗಳಿಗೆ ಪ್ರಯೋಗ ಮಾಡಿ ಫಾರ್ಮ್ ಗಟ್ಟಿ ಮಾಡಿಕೊಳ್ಳಿ. ನಡುವೆ ಪ್ರಶ್ನೆಯ ಕಾಲಂ ಹೆಸರು ಬದಲಿಸಿದರೆ ಹಳೆಯದು, ಹೊಸದು ಬೇರೆ ಬೇರೆ ಕಾಲಂ ಆಗಿ ಒಡೆಯುತ್ತವೆ.

ದೂರದ ಸ್ವಯಂಸೇವಕರಿಗೆ ನೋಡುವ, ಪರಿಶೀಲಿಸುವ ಅನುಮತಿಯಷ್ಟೇ ಕೊಡಿ, ತಿದ್ದುವುದು ಬೇಡ. ಪ್ರತಿ ದಾಖಲೆಗೂ ಒಪ್ಪಿದೆ, ಒಪ್ಪಿಲ್ಲ, ತಡೆದಿದೆ ಎಂದು ಗುರುತು ಹಾಕಬಹುದು, ಈ ಸೌಲಭ್ಯವೇ ಇಡೀ ಕೆಲಸದ ಜೀವ. ಆದರೆ ಅವರು ನೋಡಬೇಕಾದದ್ದು ಫೋಟೋ ಸ್ಪಷ್ಟವೇ, ಜಿಪಿಎಸ್ ಬಿಂದು ಹಿತ್ತಲಲ್ಲೇ ಬಿದ್ದಿದೆಯೇ, ಒಂದೇ ಮರ ಎರಡು ಸಲ ಬಂದಿದೆಯೇ ಎಂಬುದನ್ನು ಮಾತ್ರ. ಮಾವಿನ ತಳಿ ಯಾವುದೆಂದು ಊರ ಹಿರಿಯರೇ ಹೇಳಬೇಕು. ಮಾಲೀಕರ ಫೋನ್ ನಂಬರ್ ಈ ಫಾರ್ಮಿನಲ್ಲಿ ಇರಬಾರದು, ಪರಿಶೀಲಕರೆಲ್ಲರಿಗೂ ಕಾಣುತ್ತದೆ.

ಆ್ಯಪ್ ಆಂಡ್ರಾಯ್ಡ್‌ಗೆ ಮಾತ್ರ, ಐಫೋನಿನವರು ಬ್ರೌಸರಿನಲ್ಲಿ ತುಂಬಬೇಕು. ಸ್ವಯಂಸೇವಕರ ಜೊತೆ ಮಾತಿಗೆ ವಾಟ್ಸಾಪ್ ಗುಂಪು ಬೇಕೇ ಬೇಕು. ಪರಿಶೀಲನೆ ಮುಗಿದ ಮೇಲೆ ದಾಖಲೆಗಳನ್ನು ಕೆಎಂಎಲ್ (ನಕ್ಷೆಯಲ್ಲಿ ಬಿಂದು ತೋರಿಸುವ) ಕಡತವಾಗಿ ಇಳಿಸಿ ಗೂಗಲ್ ಅರ್ಥ್‌ನಲ್ಲಿ ತೆರೆದರೆ, ಮೇ ತಿಂಗಳಲ್ಲಿ ಗಾಡಿ ಮೊದಲು ಯಾವ ಊರಿಗೆ ಹೋಗಬೇಕೆಂದು ಕೊಯ್ಲಿನ ವಾರ ನೋಡಿ ಗೊತ್ತುಮಾಡಬಹುದು.