ಎಚ್‌ಟಾಪ್: ಆರು ವರ್ಷ ದಿನಾ ಬಳಸಿದ ಮ್ಯಾಲ ಬರ್ಯಾಕತ್ತೀನಿ

ಬಾಗಲಕೋಟಿ ನವನಗರದಾಗ ನಂದು ಒಂದು ಸಣ್ಣ ಡಿಟಿಪಿ ಅಂಗಡಿ ಐತ್ರಿ, ಜತಿಗೆ ಆನ್‌ಲೈನ್ ಅರ್ಜಿ ತುಂಬೋದು, ಪ್ರಿಂಟ್, ಜೆರಾಕ್ಸ್. ಮೂರು ಕಂಪ್ಯೂಟರ್ ಅದಾವು, ಮೂರೂ ಹಳೇವು, ಎರಡಕ್ಕ 4 ಜಿಬಿ ರ‍್ಯಾಮ್, ಒಂದಕ್ಕ 8. ಮೂರಕ್ಕೂ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕೀನಿ. ಹಾಕಿದ ದಿನಾನ ಕಮಾಂಡ್ ಹೊಡಿಯೋ ಕಿಟಕಿ, ಅಂದ್ರ ಟರ್ಮಿನಲ್‌ನ್ಯಾಗ ಸುಡೋ ಆಪ್ಟ್ ಇನ್‌ಸ್ಟಾಲ್ ಎಚ್‌ಟಾಪ್ ಅಂತ ಹೊಡದಿದ್ದೆ, ಅವತ್ತಿಂದ ಇವತ್ತಿನ ತನಕ ಒಂದು ಟರ್ಮಿನಲ್ ಇದಕ್ಕ ಅಂತನ ತಗದಿಟ್ಟಿರ್ತೀನಿ.

ಗೊತ್ತಿಲ್ಲದವ್ರಿಗೆ ಹೇಳ್ತೀನಿ, ಕಂಪ್ಯೂಟರ್ ಒಳಗ ಈಗ ಯಾವ ಪ್ರೋಗ್ರಾಮ್ ಎಷ್ಟು ಪ್ರೊಸೆಸರ್ ತಿನ್ನಾಕತ್ತೈತಿ, ಎಷ್ಟು ಮೆಮೊರಿ ಹಿಡದೈತಿ ಅನ್ನೋದನ್ನ ತೋರಸೋ ಸಾಫ್ಟ್‌ವೇರ್ ಇದು. ಟಾಪ್ ಅಂತ ಹಳೇ ಕಮಾಂಡ್ ಮೊದಲಿಂದನೂ ಇರತೈತಿ, ಆದ್ರ ಅದರಾಗ ಬರೇ ಅಂಕಿ. ಹಿಶಾಮ್ ಮುಹಮ್ಮದ್ ಅನ್ನೋರು 2004ರಾಗ ಎಚ್‌ಟಾಪ್ ಶುರು ಮಾಡಿದ್ರು, 2020ರಾಗ ಹೊಸ ತಂಡ ಕೈಗೆ ತಗೊಂಡು 3.0 ಬಿಟ್ರು. ರೊಕ್ಕ ಏನೂ ಕೊಡಬೇಕಾಗಿಲ್ಲ. ಮ್ಯಾಲ ಪ್ರೊಸೆಸರಿನ ಒಂದೊಂದು ಕೋರ್‌ಗೆ ಒಂದೊಂದು ಪಟ್ಟಿ, ಅದರಾಗ ಹಸರು ಅಂದ್ರ ನಮ್ಮ ಪ್ರೋಗ್ರಾಮ್‌ಗಳ ಕೆಲಸ, ಕೆಂಪು ಅಂದ್ರ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೆಲಸ, ನೀಲಿ ಅಂದ್ರ ಕಡಿಮಿ ಆದ್ಯತೆದ್ದು. ಕೆಳಗ ಪ್ರೋಗ್ರಾಮ್‌ಗಳ ಸಾಲು. ದೊಡ್ಡ ಅಕ್ಷರದ ಎಮ್ ಒತ್ತಿದ್ರ ಮೆಮೊರಿ ಜಾಸ್ತಿ ತಿನ್ನೋದು ಮ್ಯಾಲ ಬರತೈತಿ, ಪಿ ಒತ್ತಿದ್ರ ಪ್ರೊಸೆಸರ್ ತಿನ್ನೋದು. ನನಗ ಎಲ್ಲಕ್ಕಿಂತ ಹೆಚ್ಚು ಸೇರಿದ್ದು ಎಫ್5, ಯಾವ ಪ್ರೋಗ್ರಾಮ್ ಯಾವುದನ್ನ ಹುಟ್ಟಿಸೈತಿ ಅಂತ ಗಿಡದ ಟೊಂಗಿ ಹಂಗ ತೋರಸತೈತಿ.

ರಿಸಲ್ಟ್ ದಿನ ಇಲ್ಲಾ ಸ್ಕಾಲರ್‌ಶಿಪ್ ಕಡೀ ದಿನ ಅಂದ್ರ ಅಂಗಡಿ ತುಂಬ ಹುಡುಗ್ರು, ಬ್ರೌಸರ್‌ನ್ಯಾಗ ಮೂವತ್ತು ಟ್ಯಾಬ್, 4 ಜಿಬಿ ಮಷಿನ್ ಮೌಸ್ ಸೈತ ಅಳ್ಳಾಡಸೂದಿಲ್ಲ. ಮೊದಲೆಲ್ಲಾ ಪವರ್ ಬಟನ್ ಒತ್ತಿ ರೀಸ್ಟಾರ್ಟ್ ಮಾಡ್ತಿದ್ದೆ, ಅರ್ಧ ತುಂಬಿದ ಅರ್ಜಿ ಹೋಗಿಬಿಡ್ತಿತ್ತು, ಪಾಪ ಆ ಹುಡುಗ ಮತ್ತ ಮೊದಲಿಂದ ತುಂಬಬೇಕು. ಈಗ ಹಂಗಿಲ್ಲ, ಮೆಮೊರಿ ಪ್ರಕಾರ ಹಚ್ಚಿ ಮ್ಯಾಲಿನ ಒಂದು ಟ್ಯಾಬಿನ ಪ್ರೋಸೆಸ್ ಅಷ್ಟ ಎಫ್9 ಒತ್ತಿ ಮುಗಸ್ತೀನಿ, ಉಳದಿದ್ದು ಉಳಿತಾವು. ಎಫ್9 ಒತ್ತಿದಾಗ ಮೊದಲು ಬರೋದು 15ನೇ ಸಿಗ್ನಲ್, ಅಂದ್ರ "ನೀನಾಗೆ ಮುಗಿಸ್ಕೋ" ಅಂತ ಹೇಳೋದು, ಅದನ್ನ ಕೊಡ್ರಿ. ಸೀದಾ 9, ಅಂದ್ರ ಒಮ್ಮಿಗೇ ಕೊಲ್ಲೋ ಸಿಗ್ನಲ್, ಕೊಟ್ರ ಸೇವ್ ಮಾಡ್ಕೊಳ್ಳಾಕ ಟೈಮ್ ಸಿಗೂದಿಲ್ಲ.

ನನ್ನ ಪಾಲಿಗೆ ಇದು ದೊಡ್ಡ ಉಪಕಾರ ಮಾಡಿದ್ದು ಮಾತ್ರ ಹೋದ ಲಗ್ನಸರಾಯಿದಾಗ. ಪತ್ರಿಕಿ ಕೆಲಸ ಮೈತುಂಬ, 8 ಜಿಬಿ ಮಷಿನ್ ನಿಂತ ನಿಂತಲ್ಲೆ ನಿಲ್ಲಾಕತ್ತು. ರಿಪೇರಿ ಮಾಡೋ ಹುಡುಗ ಬಂದು ನೋಡಿ "ಅಣ್ಣಾರ, ರ‍್ಯಾಮ್ ಸಾಲವಲ್ದು, ಇನ್ನೊಂದು ಹಾಕ್ರಿ" ಅಂದ. ರೊಕ್ಕ ಕೊಡಾಕ ಹೊಂಟಿದ್ದೆ, ಎದಕ್ಕೂ ಇರಲಿ ಅಂತ ಎಚ್‌ಟಾಪ್ ಕಡೆ ನೋಡಿದ್ರ ಮೆಮೊರಿ ಅರ್ಧ ಖಾಲಿ, ಸ್ವಾಪ್ (ರ‍್ಯಾಮ್ ಸಾಲದಾಗ ಬಳಸೋ ಡಿಸ್ಕಿನ ಜಾಗ) ಮುಟ್ಟೇ ಇಲ್ಲ, ಪ್ರೊಸೆಸರ್ ಪಟ್ಟಿನೂ ಖಾಲಿ, ಆದ್ರ ಲೋಡ್ ಆ್ಯವರೇಜ್ (ಸರಾಸರಿ ಎಷ್ಟು ಕೆಲಸ ಓಡಾಕತ್ತಾವು ಇಲ್ಲಾ ಕಾಯಾಕತ್ತಾವು ಅನ್ನೋ ಲೆಕ್ಕ) 9 ದಾಟೈತಿ. ನಾಲ್ಕು ಕೋರಿನ ಮಷಿನ್ನಿಗೆ 9 ಅಂದ್ರ ಸಾಲು ಹಚ್ಚಿ ನಿಂತಾವು ಅಂತ, ಮತ್ತ ಪ್ರೊಸೆಸರ್ ಯಾಕ ಸುಮ್ಮನ ಕುಂತೈತಿ? ಸ್ಟೇಟ್ ಕಾಲಮ್‌ನ್ಯಾಗ ನೋಡಿದೆ, ಏಳೆಂಟು ಪ್ರೋಸೆಸ್ ಮುಂದ ಡಿ ಅಂತಿತ್ತು. ಲಿನಕ್ಸ್‌ನ್ಯಾಗ ಡಿ ಅಂದ್ರ ಹೆಚ್ಚಾಗಿ ಡಿಸ್ಕ್ ಕಡೆಯಿಂದ ಉತ್ತರ ಬರಲಿ ಅಂತ ಕಾಯಾಕತ್ತೈತಿ, ಅಲ್ಲೀ ತನಕ 9 ಕೊಟ್ರೂ ಸಾಯೂದಿಲ್ಲ. ಲೋಡ್ ಲೆಕ್ಕದಾಗ ಲಿನಕ್ಸ್ ಇವನ್ನೂ ಕೂಡಸತೈತಿ. ಅಂದ್ರ ತಪ್ಪು ರ‍್ಯಾಮಿಂದಲ್ಲ, ಹಾರ್ಡ್ ಡಿಸ್ಕಿಂದು. ಸ್ಮಾರ್ಟ್‌ಸಿಟಿಎಲ್ ಅಂತ ಡಿಸ್ಕಿನ ಆರೋಗ್ಯ ತೋರಸೋ ಕಮಾಂಡ್ ಓಡಿಸಿ ನೋಡಿದ್ರ ಓದಾಕ ಬರದಂಥ ಸೆಕ್ಟರ್ ಅದಾವು ಅಂತ ಅಲ್ಲೆ ಎಣಿಕಿ ಸೈತ ಬಂತು. ಅವತ್ತ ರಾತ್ರಿನ ಎಲ್ಲಾ ಪತ್ರಿಕಿ ಡಿಸೈನ್ ಬ್ಯಾಕಪ್ ತಗದು ಮರುದಿನ ಹಳೇ ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕ್ಸಿದೆ. ರ‍್ಯಾಮ್ ಹಾಕ್ಸಿ ಸುಮ್ಮನಾಗಿದ್ರ ವರ್ಷಗಟ್ಟಲೆ ಮಾಡಿದ ಡಿಸೈನ್ ಹೋಗ್ತಿದ್ದವು, ಅದನ್ನ ನೆನಸಿದ್ರ ಈಗ್ಲೂ ಎದಿ ಝಲ್ ಅಂತೈತಿ.

ಇಲ್ಲೆ ಒಂದು ಕೊರತಿ ಹೇಳಲೇಬೇಕು. ಡಿಸ್ಕಿಗೆ ಕಾಯೋ ಟೈಮ್ ಪ್ರೊಸೆಸರ್ ಪಟ್ಟಿದಾಗ ತಾನಾಗೆ ಕಾಣೂದಿಲ್ಲ, ಎಫ್2 ಒತ್ತಿ ಡಿಸ್‌ಪ್ಲೇ ಆಪ್ಷನ್ಸ್‌ನ್ಯಾಗ ಡಿಟೇಲ್ಡ್ ಸಿಪಿಯು ಟೈಮ್ ಅನ್ನೋದನ್ನ ನಾವ ಹಚ್ಕೋಬೇಕು. ಹಚ್ಚಿದ ಮ್ಯಾಲ ಬೂದಿ ಬಣ್ಣದಾಗ ಕಾಣತೈತಿ. ಹೊಸಬ್ರು ಹಾಕ್ಕೊಂಡ ಕೂಡಲೆ ಇದೊಂದು ಮಾಡ್ರಿ.

ಇನ್ನೊಂದು, ಒಂದ ಪ್ರೋಗ್ರಾಮ್ ಇಪ್ಪತ್ತು ಸಲ ಕಂಡು ಇಪ್ಪತ್ತಕ್ಕೂ ಅಷ್ಟಷ್ಟ ಮೆಮೊರಿ ತೋರಸಿದ್ರ ಗಾಬರಿ ಆಗಬ್ಯಾಡ್ರಿ, ಅವು ಥ್ರೆಡ್, ಅಂದ್ರ ಒಂದ ಪ್ರೋಗ್ರಾಮಿನ ಒಳಗಿನ ಕೆಲಸದ ಎಳಿಗಳು, ಮೆಮೊರಿ ಎಲ್ಲಾ ಸೇರಿ ಒಂದ. ದೊಡ್ಡ ಎಚ್ ಒತ್ತಿದ್ರ ಕಾಣದಂಗ ಆಗ್ತಾವು. ವಿಐಆರ್‌ಟಿ ಕಾಲಮ್‌ನ ದೊಡ್ಡ ದೊಡ್ಡ ಅಂಕಿನೂ ಬಿಡ್ರಿ, ನಿಜವಾಗ್ಲೂ ರ‍್ಯಾಮ್‌ನ್ಯಾಗ ಕುಂತಿದ್ದು ಆರ್‌ಇಎಸ್. ಮೆಮೊರಿ ಪಟ್ಟಿದಾಗ ಹಳದಿ ಕಂಡ್ರ ಅದು ಕ್ಯಾಶ್, ಅಂದ್ರ ಡಿಸ್ಕಿಂದ ಓದಿದ್ದನ್ನ ಮತ್ತ ಬೇಕಾದೀತು ಅಂತ ಇಟ್ಕೊಂಡಿದ್ದು, ಬೇಕಂದಾಗ ಲಿನಕ್ಸ್ ಅದರಾಗಿಂದ ಜಾಗ ಬಿಟ್ಟುಕೊಡತೈತಿ. ಖರೇ ಎಷ್ಟು ಉಳದೈತಿ ಅಂತ ಬೇಕಂದ್ರ ಫ್ರೀ ಕಮಾಂಡ್ ಹೊಡದು ಅವೇಲಬಲ್ ಕಾಲಮ್ ನೋಡ್ರಿ, ಫ್ರೀ ಕಾಲಮ್ ಅಲ್ಲ. ಸ್ವಾಪ್‌ನ್ಯಾಗ ಏನೋ ಸ್ವಲ್ಪ ಇದ್ರ ಕೆಟ್ಟದ್ದೇನಲ್ಲ, ವಿಎಮ್‌ಸ್ಟ್ಯಾಟ್ 1 ಅಂತ ಹೊಡದಾಗ ಎಸ್‌ಐ, ಎಸ್‌ಒ (ಸ್ವಾಪಿಂದ ರ‍್ಯಾಮಿಗೆ ಬಂದಿದ್ದು, ರ‍್ಯಾಮಿಂದ ಸ್ವಾಪಿಗೆ ಹೋಗಿದ್ದು) ಎರಡೂ ಒಂದೇ ಸವನ ಓಡಾಕತ್ತಿದ್ರ ಮಾತ್ರ ರ‍್ಯಾಮ್ ಸಾಲವಲ್ದು ಅಂತ. 4 ಜಿಬಿ ಮಷಿನ್ನಿಗೆ ಹಂಗ ನೋಡೇ ಇನ್ನೊಂದು 4 ಹಾಕ್ಸಾಕ ತಯಾರಿ ಮಾಡೀನಿ.

ನಿನ್ನೆ ರಾತ್ರಿ ಏನಾಗಿತ್ತು ಅನ್ನೋದನ್ನ ಎಚ್‌ಟಾಪ್ ಹೇಳೂದಿಲ್ಲ, ಈಗಿಂದಷ್ಟ ತೋರಸತೈತಿ. ನನಗ ಅದು ಭಾಳ ಕೊರತಿ ಅನಸತೈತಿ, ಅದಕ್ಕ ಅಂತ ಆ್ಯಟಾಪ್ ಬ್ಯಾರೆ ಹಾಕೀನಿ, ಅದು ಹತ್ತು ನಿಮಿಷಕ್ಕೊಮ್ಮೆ ಬರದಿಡತೈತಿ. ಇದೊಂದಕ್ಕ ಅರ್ಧ ಸ್ಟಾರ್ ಕಡಿಮಿ, ಐದಕ್ಕ ನಾಲ್ಕೂವರೆ ಕೊಡ್ತೀನಿ.