ಸೋಲರ್ ಸರ್ಚ್ ಸರ್ವರ್: ಎಂಟು ವರ್ಷ ಟಾಮ್‌ಕ್ಯಾಟ್ ಒಳಗೆ, ಆಮೇಲೆ ಹೊರಗೆ

ಗಾಂಧಿಬಜಾರಿನ ಹತ್ತಿರದ ಒಂದು ಪುಸ್ತಕದಂಗಡಿಯ ವೆಬ್‌ಸೈಟನ್ನು 2010ರಿಂದ ನೋಡಿಕೊಳ್ಳುತ್ತಿದ್ದೇನೆ. ಸುಮಾರು ನಲವತ್ತು ಸಾವಿರ ಪುಸ್ತಕಗಳ ಪಟ್ಟಿ ಇದೆ, ಹೆಚ್ಚಿನವು ಕನ್ನಡದವು. ಹುಡುಕುವುದಕ್ಕೆ ಮೊದಲಿನಿಂದಲೂ ಅಪಾಚೆ ಸೋಲರ್ ಅನ್ನುವ ಸಾಫ್ಟ್‌ವೇರ್ ಬಳಸುತ್ತಿದ್ದೇವೆ. ಶುರು ಮಾಡಿದ್ದು ಅದರ 1.4ನೇ ಆವೃತ್ತಿಯಲ್ಲಿ, ಜಾವಾ ವೆಬ್ ಪ್ರೋಗ್ರಾಂಗಳನ್ನು ಓಡಿಸುವ ಟಾಮ್‌ಕ್ಯಾಟ್ 6ರ ಒಳಗೆ.

ಹುಡುಕಿ ಕೊಡುವ ವಿಷಯದಲ್ಲಿ ಸೋಲರ್ ನನ್ನ ಕೈ ಬಿಟ್ಟಿಲ್ಲ. ಹಳೇ ಡೆಸ್ಕ್‌ಟಾಪ್ ಮೇಲೂ ಉತ್ತರ ಥಟ್ಟನೆ ಬರುತ್ತಿತ್ತು. ನನ್ನನ್ನು ಕಾಡಿದ್ದು ಒಂದೇ ವಿಷಯ. ಯಾವ ಫೋಲ್ಡರ್ ಎಲ್ಲಿದೆ ಅಂತ ಅದಕ್ಕೆ ಸರಿಯಾಗಿ ಹೇಳುವುದು.

ಇಲ್ಲಿ ಎರಡು ಜಾಗ ಇವೆ. ಒಂದು ಸೋಲರ್ ಹೋಮ್, ಅಂದರೆ ಸೆಟ್ಟಿಂಗ್ ಫೈಲುಗಳು ಇರುವ ಜಾಗ. ಇನ್ನೊಂದು ಡೇಟಾ ಫೋಲ್ಡರ್, ಇಂಡೆಕ್ಸ್ (ಹುಡುಕುವುದಕ್ಕೆ ಸೋಲರ್ ಕಟ್ಟಿಕೊಳ್ಳುವ ಪದಗಳ ಸೂಚಿ) ಕೂರುವ ಜಾಗ. ಮೊದಲನೆಯದನ್ನು ಹೇಳಿದರೆ ಎರಡನೆಯದು ತಾನಾಗಿ ಸರಿಹೋಗುತ್ತದೆ ಅಂತ ನಾನು ನಂಬಿದ್ದೆ. 1.4ರಲ್ಲಿ ಹಾಗಿರಲಿಲ್ಲ.

ಅದು ಗೊತ್ತಾಗಿದ್ದು 2011ರ ನವೆಂಬರ್ 1ರಂದು. ರಾಜ್ಯೋತ್ಸವದ ರಿಯಾಯಿತಿ ಶುರುವಾಗುವ ದಿನ. ಹಿಂದಿನ ರಾತ್ರಿ ಮಳೆಗೆ ಕರೆಂಟ್ ಹೋಗಿ, ಯುಪಿಎಸ್ ಬ್ಯಾಟರಿಯೂ ಮುಗಿದು, ಅಂಗಡಿ ಮಹಡಿಯಲ್ಲಿದ್ದ ಸರ್ವರ್ ನಿಂತಿತ್ತು. ಬೆಳಿಗ್ಗೆ ಹುಡುಗ ಆನ್ ಮಾಡಿದ. ನಾನು ಮನೆಯಿಂದ ಲಾಗಿನ್ ಆಗಿ ಟಾಮ್‌ಕ್ಯಾಟ್ ಶುರು ಮಾಡಿದೆ. ಹತ್ತು ನಿಮಿಷಕ್ಕೆ ಅಂಗಡಿ ಯಜಮಾನರ ಫೋನ್ ಬಂತು. "ಏನಪ್ಪಾ, ಯಾವ ಹೆಸರು ಕೊಟ್ರೂ ಪುಸ್ತಕ ಇಲ್ಲ ಅಂತಿದೆಯಲ್ಲ. ಇವತ್ತೇ ಹೀಗಾಗ್ಬೇಕಾ?"

ಲಾಗ್ ನೋಡಿದೆ. ಒಂದೇ ಒಂದು ಎರರ್ ಇಲ್ಲ. ಸೋಲರ್ ಚೆನ್ನಾಗಿಯೇ ಓಡುತ್ತಿದೆ, ಫಲಿತಾಂಶ ಮಾತ್ರ ಸೊನ್ನೆ. ಇಂಡೆಕ್ಸ್ ಪೂರ್ತಿ ಹೋಯಿತು ಅಂದುಕೊಂಡು ಎದೆ ಧಸಕ್ಕೆಂದಿತು. ಮೊದಲಿಂದ ಕಟ್ಟಲು ಅರ್ಧ ದಿನ ಬೇಕಿತ್ತು. ಕೊನೆಗೆ ಡಿಸ್ಕ್ ಪೂರ್ತಿ ಜಾಲಾಡಿದಾಗ ಎರಡು ಇಂಡೆಕ್ಸ್ ಸಿಕ್ಕವು. ಹಳೆಯದು, ತುಂಬಿದ್ದು, ಟಾಮ್‌ಕ್ಯಾಟ್‌ನ ಬಿನ್ ಫೋಲ್ಡರ್ ಕೆಳಗೆ. ಹೊಸದು, ಖಾಲಿಯದು, ನನ್ನ ಲಾಗಿನ್‌ನ ಹೋಮ್ ಫೋಲ್ಡರ್‌ನಲ್ಲಿ (ಸೋಲರ್ ಹೋಮ್ ಅಲ್ಲ).

ಆಗಿದ್ದಿಷ್ಟು. ಸೋಲರ್ ಜೊತೆ ಉದಾಹರಣೆಯಾಗಿ ಕೊಟ್ಟಿದ್ದ ಸೋಲರ್‌ಕಾನ್ಫಿಗ್ ಅನ್ನುವ ಸೆಟ್ಟಿಂಗ್ ಫೈಲನ್ನೇ ನಾನು ಬಳಸಿದ್ದೆ. ಅದರಲ್ಲಿ ಡೇಟಾ ಪಾತ್, ಅಂದರೆ ಡೇಟಾ ಫೋಲ್ಡರ್‌ನ ವಿಳಾಸ, ಚುಕ್ಕಿಯಿಂದ ಶುರುವಾಗುತ್ತಿತ್ತು. ಚುಕ್ಕಿ ಅಂದರೆ ಜಾವಾ ಯಾವ ಫೋಲ್ಡರ್‌ನಲ್ಲಿ ನಿಂತು ಶುರುವಾಯಿತೋ ಅದು. ಮೊದಲೆಲ್ಲ ಬಿನ್ ಒಳಗೆ ಹೋಗಿ ಶುರು ಮಾಡುತ್ತಿದ್ದೆ. ಅವತ್ತು ಅವಸರದಲ್ಲಿ ಬೇರೆ ಕಡೆಯಿಂದ ಮಾಡಿದೆ. ಅಲ್ಲಿ ಇಂಡೆಕ್ಸ್ ಇಲ್ಲದ್ದರಿಂದ ಸೋಲರ್ ಸುಮ್ನೆ ಹೊಸದೊಂದನ್ನು ಮಾಡಿಕೊಂಡಿತು. ಸೆಟ್ಟಿಂಗ್ ಫೈಲ್ ಸಿಗದಿದ್ದರೆ ಅದು ದೊಡ್ಡ ಎರರ್ ಕೊಡುತ್ತದೆ, ತಾನು ಯಾವ ಫೋಲ್ಡರ್‌ನಲ್ಲಿ ನಿಂತಿದ್ದೇನೆ ಅಂತಲೂ ಬರೆಯುತ್ತದೆ. ಇಂಡೆಕ್ಸ್ ಸಿಗದಿದ್ದರೆ ಮಾತೇ ಇಲ್ಲ. ಇದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ.

ಅದೇ ವಾರ ಎಲ್ಲವನ್ನೂ ಬದಲಾಯಿಸಿದೆ. ಟಾಮ್‌ಕ್ಯಾಟ್‌ನ ಕಾನ್ಫ್ ಫೋಲ್ಡರ್ ಒಳಗೆ ಕ್ಯಾಟಲೀನಾ, ಅದರೊಳಗೆ ಲೋಕಲ್‌ಹೋಸ್ಟ್ ಅಂತ ಫೋಲ್ಡರ್ ಇರುತ್ತದೆ. ಅಲ್ಲಿ ಸೋಲರ್ ಹೆಸರಿನ ಒಂದು ಚಿಕ್ಕ ಎಕ್ಸ್‌ಎಂಎಲ್ ಫೈಲ್ ಇಟ್ಟೆ. ವಾರ್ ಫೈಲ್ (ಸೋಲರ್ ಪ್ರೋಗ್ರಾಂನ ಪ್ಯಾಕೇಜ್) ಎಲ್ಲಿದೆ, ಸೋಲರ್ ಹೋಮ್ ಎಲ್ಲಿದೆ, ಎರಡನ್ನೂ ಡಿಸ್ಕ್‌ನ ಬುಡದಿಂದ ಶುರುವಾಗುವ ಪೂರ್ತಿ ಪಾತ್‌ನಲ್ಲಿ ಬರೆದೆ. ಸೋಲರ್ ಮೊದಲು ನೋಡುವುದು ಹೀಗೆ ಜೆಎನ್‌ಡಿಐ (ಟಾಮ್‌ಕ್ಯಾಟ್ ತನ್ನೊಳಗಿನ ಪ್ರೋಗ್ರಾಂಗೆ ಸೆಟ್ಟಿಂಗ್ ತಲುಪಿಸುವ ಜಾವಾ ವ್ಯವಸ್ಥೆ) ಮೂಲಕ ಕೊಟ್ಟ ಪಾತನ್ನು. ಅದು ಇಲ್ಲದಿದ್ದರೆ ಜಾವಾ ಶುರುವಾಗುವಾಗ ಕೊಟ್ಟ ಸಿಸ್ಟಂ ಪ್ರಾಪರ್ಟಿಯನ್ನು. ಅದೂ ಇಲ್ಲದಿದ್ದರೆ ನಿಂತ ಜಾಗದಲ್ಲೇ ಸೋಲರ್ ಅನ್ನುವ ಫೋಲ್ಡರ್ ಹುಡುಕುತ್ತದೆ. ಮೂರನೆಯದಕ್ಕೆ ಬಿಡಲೇಬೇಡಿ.

ಡೇಟಾ ಪಾತನ್ನು ಸಿಸ್ಟಂ ಪ್ರಾಪರ್ಟಿಯಾಗಿ ಕೊಟ್ಟೆ. ಒಂದೇ ಕೋರ್ (ತನ್ನದೇ ಸೆಟ್ಟಿಂಗ್, ಇಂಡೆಕ್ಸ್ ಇರುವ ಒಂದು ಸಂಗ್ರಹ) ಇದ್ದಾಗ ತೊಂದರೆ ಇರಲಿಲ್ಲ. ಹಳೇ ಮಾಸಪತ್ರಿಕೆಗಳಿಗೆ ಅಂತ ಎರಡನೇ ಕೋರ್ ಮಾಡಿದಾಗ ಎರಡೂ ಒಂದೇ ಫೋಲ್ಡರ್‌ಗೆ ಬರೆಯಲು ಹೋಗಿ ಲಾಕ್ ಎರರ್ ಬಂತು. ಆ ಪ್ರಾಪರ್ಟಿ ಎಲ್ಲ ಕೋರ್‌ಗಳಿಗೂ ಅನ್ವಯಿಸುತ್ತದೆ, ಅಲ್ವಾ? ಈಗ ಅದನ್ನು ಖಾಲಿ ಬಿಡುತ್ತೇನೆ. ಆಗ ಪ್ರತಿ ಕೋರ್‌ನ ಇಂಡೆಕ್ಸ್ ಅದರದೇ ಫೋಲ್ಡರ್ ಕೆಳಗಿನ ಡೇಟಾದಲ್ಲಿ ಕೂರುತ್ತದೆ. ಒಮ್ಮೆ ರೂಟ್ (ಅಡ್ಮಿನ್ ಯೂಸರ್) ಆಗಿ ಶುರು ಮಾಡಿ ಫೈಲುಗಳೆಲ್ಲ ರೂಟ್ ಹೆಸರಿಗೆ ಆದವು. ಆಮೇಲೆ ಟಾಮ್‌ಕ್ಯಾಟ್ ಯೂಸರ್‌ಗೆ ಅಲ್ಲಿ ಬರೆಯಲು ಆಗಲಿಲ್ಲ. ಫೋಲ್ಡರ್ ಯಾರ ಹೆಸರಲ್ಲಿದೆ ಅಂತ ನೋಡಿಕೊಳ್ಳಿ. ಇಂಡೆಕ್ಸನ್ನು ಟಾಮ್‌ಕ್ಯಾಟ್‌ನ ವೆಬ್‌ಆ್ಯಪ್ಸ್ ಫೋಲ್ಡರ್ ಒಳಗಂತೂ ಇಡಬೇಡಿ. ಹೊಸ ವಾರ್ ಫೈಲ್ ಹಾಕಿದಾಗ ಟಾಮ್‌ಕ್ಯಾಟ್ ಹಳೇ ಫೋಲ್ಡರನ್ನು ಅಳಿಸಿ ಮತ್ತೆ ಬಿಚ್ಚುತ್ತದೆ.

ಕನ್ನಡಕ್ಕೆ ಬೇಕಾದ ಎರಡು ಮಾತು. ಟಾಮ್‌ಕ್ಯಾಟ್ 7ರವರೆಗೆ ಯುಆರ್‌ಎಲ್‌ನ ಅಕ್ಷರಗಳನ್ನು ತಾನಾಗಿ ಯುಟಿಎಫ್-8 (ಕನ್ನಡವನ್ನೂ ಬರೆಯಬಲ್ಲ ಯೂನಿಕೋಡ್ ಸಂಕೇತ) ಅಂತ ಓದುತ್ತಿರಲಿಲ್ಲ. ನಮ್ಮ 1.4ರಲ್ಲಿ ಟಾಮ್‌ಕ್ಯಾಟ್‌ನ ಸರ್ವರ್ ಎಕ್ಸ್‌ಎಂಎಲ್ ಫೈಲ್‌ನ ಕನೆಕ್ಟರ್ ಭಾಗದಲ್ಲಿ ಅದನ್ನು ಹೇಳುವ ತನಕ ಕನ್ನಡ ಹುಡುಕಾಟ ಕೆಲಸ ಮಾಡಲಿಲ್ಲ. ಇನ್ನೊಂದು, 'ರಾಜ್‌ಕುಮಾರ್' ಅನ್ನುವಂಥ ಪದಗಳಲ್ಲಿ ಕಣ್ಣಿಗೆ ಕಾಣದ ಒಂದು ಜೋಡಣೆ ತಡೆಯುವ ಅಕ್ಷರ ಇರುತ್ತದೆ. ಒಬ್ಬರು ಅದನ್ನು ಹಾಕಿ ಟೈಪ್ ಮಾಡುತ್ತಾರೆ, ಇನ್ನೊಬ್ಬರು ಹಾಕುವುದಿಲ್ಲ. ಸೋಲರ್‌ನ ಕಾನ್ಫ್ ಫೋಲ್ಡರ್‌ನಲ್ಲಿ ಒಂದು ಮ್ಯಾಪಿಂಗ್ ಫೈಲ್ ಇಟ್ಟು ಅದನ್ನು ತೆಗೆಸಿದೆ. ಇಂಡೆಕ್ಸ್ ಮಾಡುವಾಗಲೂ, ಹುಡುಕುವಾಗಲೂ ತೆಗೆಸಬೇಕು.

2015ರಲ್ಲಿ ಸೋಲರ್ 5.0 ಬಂದಾಗ ಟಾಮ್‌ಕ್ಯಾಟ್‌ನಂಥ ಕಂಟೇನರ್‌ಗೆ ವಾರ್ ಹಾಕಿ ಓಡಿಸುವುದಕ್ಕೆ ಬೆಂಬಲ ನಿಂತಿತು. ನಾವು 2018ರವರೆಗೆ 4.10ರಲ್ಲೇ ಇದ್ದೆವು. ಆಮೇಲೆ ಟಾಮ್‌ಕ್ಯಾಟ್ ಬಿಟ್ಟು ತಾನೇ ಓಡುವ ಹೊಸ ಸೋಲರ್‌ಗೆ ಬದಲಾದೆವು. ಈಗ ಇನ್‌ಸ್ಟಾಲ್ ಸ್ಕ್ರಿಪ್ಟ್ ತಾನೇ ಪ್ರೋಗ್ರಾಂ ಒಂದು ಕಡೆ, ಡೇಟಾ ಇನ್ನೊಂದು ಕಡೆ ಇಡುತ್ತದೆ. ಹೋಮ್ ಪಾತ್ ಒಂದೇ ಸೆಟ್ಟಿಂಗ್ ಫೈಲ್‌ನಲ್ಲಿರುತ್ತದೆ. ಎಲ್ಲಿಂದ ಶುರು ಮಾಡಿದರೂ ಅದೇ ಇಂಡೆಕ್ಸ್. ಹೊಸದಾಗಿ ಹಾಕುವವರು ಸೀದಾ ಇದನ್ನೇ ಹಾಕಿ. ಹಳೇ ಸರ್ವರ್ ಕೈಗೆ ಬಂದಿದ್ದರೆ ಮೊದಲು ಆ ಚುಕ್ಕಿ ಹುಡುಕಿ.

ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಕಡಿಮೆ ಮಾಡಿದ್ದು ಪಾತ್‌ಗಲ್ಲ. ಜೊತೆಗೆ ಬರುವ ಫಿಲ್ಟರ್‌ಗಳಲ್ಲಿ ಹಿಂದಿ, ಬಂಗಾಳಿ ಪದಗಳ ಪ್ರತ್ಯಯ ತೆಗೆಯುವಂಥವು ಇವೆ, ಕನ್ನಡಕ್ಕೆ ಅಂಥದ್ದು ನಮಗೆ ಸಿಗಲಿಲ್ಲ. 'ಬೆಂಗಳೂರು' ಅಂತ ಹುಡುಕಿದವರಿಗೆ ಹೆಸರಲ್ಲಿ 'ಬೆಂಗಳೂರಿನ' ಅಂತಿರುವ ಪುಸ್ತಕ ಬರುವುದಿಲ್ಲ. ಅದಕ್ಕೆ ಸಮಾನಪದಗಳ ಪಟ್ಟಿಯನ್ನು ಕೈಯಲ್ಲೇ ಬರೆಯುತ್ತಿದ್ದೇನೆ. ಮೊನ್ನೆ 'ಮಲ್ಲೇಶ್ವರದಲ್ಲಿ' ಸೇರಿಸಿದೆ.