ಫಾಂಟಿನ ಬಾಲದಕ್ಷರಗಳು ಕಟಿಂಗ್ ಮಷೀನಿಗೆ: ಕ್ಯಾರೆಕ್ಟರ್ ಮ್ಯಾಪ್ ಮತ್ತು ಇಂಕ್‌ಸ್ಕೇಪ್, ದೀರ್ಘ ಬಳಕೆಯ ನಂತರ

ಕೂಡುಬರಹದಂತಿರುವ ಸ್ಕ್ರಿಪ್ಟ್ ಫಾಂಟಿನ ಮಾದರಿ ಚಿತ್ರದಲ್ಲಿ ಕಂಡ ಸುರುಳಿ ಬಾಲದ ಅಕ್ಷರ ಕೀಬೋರ್ಡ್ ಒತ್ತಿದರೆ ಬರುವುದಿಲ್ಲ. ಅದು ಫಾಂಟಿನೊಳಗೇ ಇದೆ, ಕರೆಯುವ ದಾರಿ ಬೇರೆ. ಕನ್ನಡದಲ್ಲಿ ಕ್ ಮತ್ತು ಷ ಸೇರಿ ಕ್ಷ ಆಗುವುದು ಫಾಂಟಿನೊಳಗೆ ಬರೆದಿಟ್ಟ ಓಪನ್‌ಟೈಪ್ ನಿಯಮದಿಂದ. ಇಂಗ್ಲಿಷ್ ಅಕ್ಷರಕ್ಕೆ ಬಾಲ ಬರುವುದೂ ಅದರಿಂದಲೇ. ಕ್ಷ ತಾನಾಗಿ ಮೂಡುತ್ತದೆ, ಬಾಲವನ್ನು ಕೇಳಿ ಪಡೆಯಬೇಕು. ವಿನೈಲ್ ಹಾಳೆಯಲ್ಲಿ ಅಕ್ಷರ ಕತ್ತರಿಸುವ ಯಂತ್ರವನ್ನು ನಡೆಸುವ ಕಟಿಂಗ್ ಸಾಫ್ಟ್‌ವೇರ್‌ಗಳಲ್ಲಿ ಎಲ್ಲದರಲ್ಲೂ ಕೇಳುವ ಸೌಲಭ್ಯ ಇಲ್ಲ.

ಆದ್ದರಿಂದ ಫಾಂಟ್ ಕೊಳ್ಳುವಾಗ ವಿವರಣೆಯಲ್ಲಿ 'ಪಿಯುಎ (ಪ್ರೈವೇಟ್ ಯೂಸ್ ಏರಿಯಾ) ಎನ್‌ಕೋಡೆಡ್' ಎಂದಿದೆಯೇ ನೋಡಿ. ಅಕ್ಷರಗಳಿಗೆ ಸಂಖ್ಯೆ ಕೊಡುವ ಯೂನಿಕೋಡ್ ವ್ಯವಸ್ಥೆ ಖಾಸಗಿ ಬಳಕೆಗೆಂದು ಬಿಟ್ಟಿರುವ 6,400 ಸ್ಥಾನಗಳಲ್ಲಿ ಬಾಲದಕ್ಷರಗಳನ್ನು ಕೂರಿಸಿದ್ದರೆ ಕಾಪಿ ಮಾಡಿ ತರಬಹುದು. ವಿಂಡೋಸ್‌ನಲ್ಲಿ ಕ್ಯಾರೆಕ್ಟರ್ ಮ್ಯಾಪ್ ತೆರೆದು, ಫಾಂಟ್ ಆರಿಸಿ, 'ಅಡ್ವಾನ್ಸ್ಡ್ ವ್ಯೂ' ಗುರುತು ಹಾಕಿ, ಯೂನಿಕೋಡ್ ಸಬ್‌ರೇಂಜ್ ಪಟ್ಟಿಯಲ್ಲಿ 'ಪ್ರೈವೇಟ್ ಯೂಸ್ ಕ್ಯಾರೆಕ್ಟರ್ಸ್' ಒತ್ತಿದರೆ ನೇರವಾಗಿ ಅಲ್ಲಿಗೇ ಹೋಗುತ್ತೀರಿ. ಮ್ಯಾಕ್‌ನಲ್ಲಿ ಈ ಕೆಲಸ ಫಾಂಟ್ ಬುಕ್‌ನದು. ಪೇಸ್ಟ್ ಮಾಡಿದಾಗ ಖಾಲಿ ಚೌಕ ಕಂಡರೆ ಗಾಬರಿ ಬೇಡ: ಬೇರೆ ಫಾಂಟ್‌ನಲ್ಲಿ ಆ ಸ್ಥಾನ ಖಾಲಿ. ಅದೇ ಫಾಂಟ್ ಆರಿಸಿದ ಕೂಡಲೇ ಅಕ್ಷರ ಮೂಡುತ್ತದೆ. ಫಾಂಟ್ ಹೆಸರೇ ಪಟ್ಟಿಯಲ್ಲಿ ಇಲ್ಲದಿದ್ದರೆ ಸಾಫ್ಟ್‌ವೇರ್ ಮುಚ್ಚಿ ತೆರೆಯಿರಿ.

ನಿಜವಾದ ತೊಂದರೆ ಜೋಡಣೆಯಲ್ಲಿ. ಹೀಗೆ ತಂದ ಅಕ್ಷರಕ್ಕೆ ಪಕ್ಕದ ಅಕ್ಷರದೊಂದಿಗಿನ ಅಂತರವನ್ನು ಹಲವು ಫಾಂಟ್‌ಗಳಲ್ಲಿ ಹೊಂದಿಸಿರುವುದಿಲ್ಲ. ಕೂದಲೆಳೆಯಷ್ಟು ಸಂದು ಉಳಿದರೂ ವಿನೈಲ್‌ನಲ್ಲಿ ಪದ ಎರಡು ತುಂಡು. ದೊಡ್ಡದಾಗಿ ಜೂಮ್ ಮಾಡಿ, ಅಕ್ಷರಗಳು ಒಂದರ ಮೇಲೊಂದು ಸ್ವಲ್ಪ ಹತ್ತುವಂತೆ ಸರಿಸಿ, ಆಮೇಲೆ ವೆಲ್ಡ್ ಮಾಡಿ, ಅಂದರೆ ಎಲ್ಲವನ್ನೂ ಒಂದೇ ಆಕಾರವಾಗಿ ಬೆಸೆಯಿರಿ. ವೆಲ್ಡ್ ಮರೆತರೆ ಬ್ಲೇಡು ಪ್ರತಿ ಅಕ್ಷರದ ಅಂಚನ್ನೂ ಬೇರೆಬೇರೆಯಾಗಿ ಕತ್ತರಿಸಿ, ಕೂಡುವ ಜಾಗದಲ್ಲೇ ಗೀರು ಬೀಳುತ್ತದೆ.

ಒಂದೆರಡು ಅಕ್ಷರಕ್ಕೆ ಈ ದಾರಿ ಸಾಕು. ಇಡೀ ಸಾಲಿಗೆ ಬೇಕಾದರೆ, ಅಥವಾ ಫಾಂಟಿಗೆ ಪಿಯುಎ ಇಲ್ಲದಿದ್ದರೆ, ಉಚಿತವಾಗಿ ಸಿಗುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪ್ ಎಷ್ಟೋ ಮೇಲು. 'ಟೆಕ್ಸ್ಟ್ ಆ್ಯಂಡ್ ಫಾಂಟ್' ಪ್ಯಾನೆಲ್‌ನ ಫೀಚರ್ಸ್ ವಿಭಾಗದಲ್ಲಿ ಸ್ವಾಶ್ (ಬಾಲದ ರೂಪ), ಸ್ಟೈಲಿಸ್ಟಿಕ್ ಸೆಟ್ (ಬದಲಿ ರೂಪಗಳ ಗುಂಪು) ಇವುಗಳನ್ನು ಬೇಕಾದ ಅಕ್ಷರಕ್ಕಷ್ಟೇ ಹಚ್ಚಬಹುದು. ನಂತರ 'ಆಬ್ಜೆಕ್ಟ್ ಟು ಪಾತ್' (ಪಠ್ಯವನ್ನು ಆಕಾರವಾಗಿಸಲು), ಅನ್‌ಗ್ರೂಪ್, ಯೂನಿಯನ್ (ಇಲ್ಲಿನ ವೆಲ್ಡ್), ಇದೇ ಕ್ರಮದಲ್ಲಿ. ಔಟ್‌ಲೈನ್ ನೋಟದಲ್ಲಿ ಅಕ್ಷರಗಳು ಕೂಡುವಲ್ಲಿ ಒಳಗೆರೆ ಕಂಡರೆ ಯೂನಿಯನ್ ಆಗಿಲ್ಲ ಎಂದರ್ಥ. ಕಟಿಂಗ್ ಸಾಫ್ಟ್‌ವೇರ್‌ಗೆ ಒಯ್ಯುವ ಎಸ್‌ವಿಜಿ ಕಡತ ಉಳಿಸುವ ಮೊದಲು ಅಗಲವನ್ನು ಮಿಲಿಮೀಟರ್‌ನಲ್ಲಿ ಬರೆದಿಟ್ಟುಕೊಳ್ಳಿ. ಇಂಕ್‌ಸ್ಕೇಪ್ ಇಂಚಿಗೆ 96 ಪಿಕ್ಸೆಲ್ ಲೆಕ್ಕ ಹಿಡಿಯುತ್ತದೆ. 72ರ ಲೆಕ್ಕದಲ್ಲಿ ಓದುವ ಸಾಫ್ಟ್‌ವೇರ್‌ನಲ್ಲಿ ಚಿತ್ರ ಮೂರನೇ ಒಂದು ಪಾಲು ಹಿಗ್ಗುತ್ತದೆ.

ಬಾಲದ ತುದಿ 1 ಮಿ.ಮೀ.ಗಿಂತ ತೆಳುವಾದರೆ ವೀಡಿಂಗ್ ಮಾಡುವಾಗ, ಅಂದರೆ ಕತ್ತರಿಸಿದ ಮೇಲೆ ಬೇಡದ ಭಾಗ ಕಿತ್ತು ತೆಗೆಯುವಾಗ, ಆ ವಿನೈಲ್ ಜೊತೆಗೇ ಎದ್ದುಬರುವ ಸಂಭವ ಹೆಚ್ಚು. ಸಣ್ಣ ಆಫ್‌ಸೆಟ್ ಕೊಟ್ಟು, ಅಂದರೆ ಅಂಚನ್ನು ಹೊರಕ್ಕೆ ಸರಿಸಿ, ದಪ್ಪ ಮಾಡಿ, ಆದರೆ ಸುರುಳಿಯ ಒಳಕಣ್ಣು ಮುಚ್ಚಿಹೋಗದಂತೆ ನೋಡಿಕೊಳ್ಳಿ. ಮೊದಲಕ್ಷರಕ್ಕೊಂದು, ಕೊನೆಯದಕ್ಕೊಂದು ಬಾಲ ಸಾಕು. ನಡುವೆಯೂ ತುರುಕಿದರೆ ಹೆಸರು ಓದಲಾಗದು. ವೆಲ್ಡ್ ಆದ ಪದದ ಕಾಗುಣಿತ ಮತ್ತೆ ತಿದ್ದಲು ಬರುವುದಿಲ್ಲ, ಹಾಗಾಗಿ ಮೂಲ ಪಠ್ಯದ ಒಂದು ನಕಲು ಪುಟದ ಹೊರಗಿರಲಿ.